ಮಾರಿದ್ದು ಯಾವುದನ್ನು?

ಹನ್ನೊಂದು ವರ್ಷ ಶೆಡ್ಡಿನಲ್ಲಿದ್ದ 1982ರ ಪದ್ಮಿನಿ ಕಾರನ್ನು ಕಳೆದ ಭಾನುವಾರ ಮಾರಿದೆ. ಬಾಡಿ ಇಟ್ಟಿಗೆಗಳ ಮೇಲೆ, 1089 ಸಿಸಿ ಎಂಜಿನ್ ಗೋಣಿಚೀಲದ ಮೇಲೆ, ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಮಂಚದ ಕೆಳಗೆ, ನಟ್ಟು ಬೋಲ್ಟುಗಳೆಲ್ಲ ಹಾರ್ಲಿಕ್ಸ್ ಬಾಟಲಿಗಳಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯೆಲ್ಲ ಅಲೆದು ತಂದ ಕಾರ್ಬುರೇಟರಿಗೆ ಸುತ್ತಿದ ಪೇಪರನ್ನೂ ಬಿಚ್ಚಿರಲಿಲ್ಲ.

ಕೊಳ್ಳಲು ಬಂದ ಹುಡುಗ ಕೇಳಿದ, "ಸಾರ್, ಗಾಡಿ ಎಲ್ಲಿದೆ?"

ಬೌದ್ಧ ಗ್ರಂಥ 'ಮಿಲಿಂದಪನ್ಹ'ದಲ್ಲಿ ಭಿಕ್ಷು ನಾಗಸೇನ ದೊರೆ ಮಿಲಿಂದನನ್ನು ಅವನ ರಥದ ಬಗ್ಗೆ ಕೇಳಿದ್ದೂ ಇಂಥದ್ದನ್ನೇ. ಅಚ್ಚು ರಥವೇ? ಚಕ್ರವೇ? ನೊಗವೇ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ನಾವಿಡುವ ಹೆಸರಷ್ಟೇ ರಥ. 'ನಾನು' ಎಂಬುದೂ ಹಾಗೆಯೇ ಎಂದು ನಾಗಸೇನನ ವಾದ.

ಬಿಡಿಭಾಗ ಕೊಡುವಾಗ ನನಗೆ ಸಂಕಟವಾಗಲಿಲ್ಲ. ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದು, ಅಪ್ಪನ ಕಾರನ್ನು ಬೀದಿಗಿಳಿಸುವ ಒಬ್ಬ 'ನಾನು' ಇದ್ದನಲ್ಲ, ಅವನನ್ನು ಕೊಡುವುದೇ ಕಷ್ಟವಾಯಿತು. ಅವನೂ ಜೋಡಣೆಯೇ: ಒಂದಿಷ್ಟು ನೆನಪು, ಒಂದಿಷ್ಟು ಹಠ, ನೆರೆಯವರೆದುರು ತೋರಿಸಲು ಒಂದಿಷ್ಟು ಜಂಬ. ಕೂಡಿಯೇ ಇರದ ರಥಕ್ಕೆ ಇಷ್ಟು ಮೋಹ ಹೇಗೆ ಅಂಟಿತು? ಮೋಹಕ್ಕೆ ವಸ್ತು ಬೇಕಿಲ್ಲ, ಹೆಸರು ಸಾಕು ಅಂತ ಕಾಣುತ್ತದೆ.

ಟೆಂಪೋ ಹೋದಮೇಲೆ ಶೆಡ್ ಗುಡಿಸುವಾಗ ಒಂದು ವಾಷರ್ ಸಿಕ್ಕಿತು. ಹುಡುಗನಿಗೆ ಫೋನ್ ಮಾಡಲಿಲ್ಲ. ಜೇಬಿಗೆ ಹಾಕಿಕೊಂಡೆ.