ಹಲಸೂರು ಗೇಟಿನ ಆಚೆ ಈಚೆ

ಹಲಸೂರು ಗೇಟು ಹಲಸೂರಿನಲ್ಲಿಲ್ಲ. ಬೆಂಗಳೂರಿನ ಹಳೇ ಪೇಟೆಯಿಂದ ಹಲಸೂರಿನತ್ತ ತೆರೆಯುತ್ತಿದ್ದ ಬಾಗಿಲು ಅದು. ಈಗ ಪೊಲೀಸ್ ಠಾಣೆಯ ಹೆಸರಿನಲ್ಲಿ ಉಳಿದಿದೆ. ಐರೋಪ್ಯ ಚಿತ್ರಕಲೆ ನಮ್ಮೂರಿಗೆ ಬಂದದ್ದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ, ಫಿರಂಗಿಗಳ ಹಿಂದೆ.

*

1791ರ ಮಾರ್ಚ್ 7ರಂದು ಬ್ರಿಟಿಷ್ ದಂಡು ಪೇಟೆಗೆ ಲಗ್ಗೆ ಹಾಕುವಾಗ ಸತ್ತ ಕರ್ನಲ್ ಮೂರ್‌ಹೌಸನನ್ನು ರಾಬರ್ಟ್ ಹೋಮ್ ಚಿತ್ರಿಸಿದ. ಜೊತೆಗಾರರ ತೋಳಿಗೆ ಒರಗಿದ ಆ ದೇಹ ಕಂಡರೆ ಶಿಲುಬೆಯಿಂದ ಇಳಿಸಿದ ಯೇಸು ನೆನಪಾಗುತ್ತಾನೆ. ಬೆಂಜಮಿನ್ ವೆಸ್ಟ್ 1770ರಲ್ಲೇ ಆ ಭಂಗಿಯನ್ನು ಜನರಲ್ ವುಲ್ಫನಿಗೆ ಕೊಟ್ಟಿದ್ದ. ದೇವರ ಭಂಗಿಗೂ ದಂಡಿಗೆ ವರ್ಗವಾಗುತ್ತದೆ.

*

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್ತಿನ ಗೋಡೆಯಲ್ಲೂ ಒಂದು ಕಾಳಗವಿದೆ, ಪೊಳ್ಳಿಲೂರಿನದು. ಅಲ್ಲಿ ದೂರದವನೂ ಹತ್ತಿರದವನೂ ಹೆಚ್ಚುಕಡಿಮೆ ಒಂದೇ ಅಳತೆ. ನೋಡುವವನು ಎಲ್ಲಿ ಬೇಕಾದರೂ ನಿಲ್ಲಬಹುದು. ಹೋಮ್ ಮಾತ್ರ ನಮ್ಮನ್ನು ಒಂದು ಜಾಗದಲ್ಲಿ ನಿಲ್ಲಿಸಿಯೇ ತೋರಿಸುತ್ತಾನೆ. ಹಾಗೆ ನಿಲ್ಲುವುದನ್ನು ಯುರೋಪು 15ನೇ ಶತಮಾನದ ಫ್ಲಾರೆನ್ಸಿನಲ್ಲಿ ಕಲಿಯಿತು; ಅದನ್ನು ಮರೆಸುವುದಕ್ಕೆ 1907ರ ಪಿಕಾಸೊ ಬರಬೇಕಾಯಿತು. (ಟಿಪ್ಪುವಿನ ಚಿತ್ರಗಾರರೇ ಮೊದಲು ಎಂದು ಬೆನ್ನು ತಟ್ಟಿಕೊಳ್ಳುವುದು ಬೇಡ. ಕಲಿಯದಿರುವುದು ಬೇರೆ, ಕಲಿತು ಬಿಡುವುದು ಬೇರೆ.)

*

ಶಿವಾಜಿನಗರದ ಸಂತ ಮೇರಿ ಬಸಿಲಿಕದ ಚೂಪು ಕಮಾನು, ಬಣ್ಣದ ಗಾಜು ನೋಡಿದರೆ 13ನೇ ಶತಮಾನ ಅನ್ನಬೇಕು. ಅದು ಸಿದ್ಧವಾದದ್ದು 1882ರಲ್ಲಿ. ಪ್ಯಾರಿಸಿನಲ್ಲಿ ಮೋನೆ ಮತ್ತು ಗೆಳೆಯರು ಮೊದಲ ಪ್ರದರ್ಶನ ನಡೆಸಿ ಆಗಲೇ ಎಂಟು ವರ್ಷ. ಪುಸ್ತಕದಲ್ಲಿ ಶತಮಾನಗಳು ಸರದಿಯಲ್ಲಿ ನಿಲ್ಲುತ್ತವೆ. ದಂಡು ಪ್ರದೇಶದಲ್ಲಿ ಅವು ಸಿಟಿ ಬಸ್ಸಿನ ಹಾಗೆ: ಗಂಟೆಗಟ್ಟಲೆ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ.

*

ಗಾಜಿನಲ್ಲಿ ಬರೆದವನಿಗೆ ಬೆಳಕು ಸೂರ್ಯನ ಜವಾಬ್ದಾರಿ. ಕ್ಯಾನ್ವಾಸಿನಲ್ಲಿ ಬರೆಯುವವನು ಅದನ್ನೂ ಬಣ್ಣದಲ್ಲೇ ಕಲಸಬೇಕು.

*

ಫ್ಲಾರೆನ್ಸಿನ ಚಿತ್ರಗಾರ ಮೇರಿಗೆ ತನ್ನೂರಿನ ಹೆಂಗಸರ ಉಡುಗೆ ತೊಡಿಸಿದ, ಅಫ್ಘಾನಿಸ್ತಾನದ ಕಲ್ಲು ಅರೆದ ನೀಲಿ ಬಳಿದ. ಶಿವಾಜಿನಗರದವರು ಸೆಪ್ಟೆಂಬರ್ ಜಾತ್ರೆಗೆ ಸೀರೆ ಉಡಿಸುತ್ತಾರೆ. ಒಂದನ್ನು ಕಲೆ ಎಂದೂ ಇನ್ನೊಂದನ್ನು ಜನರ ಭಕ್ತಿ ಎಂದೂ ಬೇರೆ ಕಪಾಟಿನಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ.

*

1841ರಲ್ಲಿ ಬಣ್ಣವನ್ನು ತಗಡಿನ ಟ್ಯೂಬಿನಲ್ಲಿ ತುಂಬಿದರು. ಚಿತ್ರಗಾರ ಮನೆಯಿಂದ ಹೊರಗೆ ಬಂದ. ಕ್ರಾಂತಿಗೆ ಒಮ್ಮೊಮ್ಮೆ ಮುಚ್ಚಳವಿರುತ್ತದೆ.

*

ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಮರಗಳನ್ನು ಬರೆದರು. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಕುಂಚದ ಓಟ ಫ್ರಾನ್ಸಿನದು. ಚಿತ್ರ ಮಾತ್ರ ಅಪ್ಪಟ ನಮ್ಮೂರು.

*

ರೆಂಬ್ರಾಂಟನನ್ನು ನಾನು ಮೊದಲು ಕಂಡದ್ದು ಶಿವಾಜಿನಗರದ ಗುಜರಿಯಲ್ಲಿ, ಹರಿದ ಪತ್ರಿಕೆಯ ಹಾಳೆಯಲ್ಲಿ. ಅಚ್ಚಿನ ಮಸಿ ಹೆಚ್ಚಾಗಿತ್ತು. ಅವನ ಕತ್ತಲೆ ಅಷ್ಟು ದಟ್ಟವೆಂದೇ ಬಹಳ ಕಾಲ ನಂಬಿದ್ದೆ.

*

ಚಾವಕ್ಕಾಡಿನಿಂದ ಓಡಿಬಂದ ಹುಡುಗ ಯೂಸುಫ್ ಅರಕ್ಕಲ್ ಎಚ್‌ಎಎಲ್‌ನಲ್ಲಿ ದುಡಿದರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತರು, ಕುಂದಲಹಳ್ಳಿಯಲ್ಲಿ ಮನೆ ಮಾಡಿದರು. 2005ರಲ್ಲಿ ಫ್ಲಾರೆನ್ಸ್ ಬಿನಾಲೆಯ ಚಿನ್ನದ ಪದಕ ಅವರಿಗೆ ಬಂತು. ಪದಕ ಗೆದ್ದ ಚಿತ್ರದ ಹೆಸರಿನಲ್ಲೇ ಚಿತ್ರಗಾರ ಫ್ರಾನ್ಸಿಸ್ ಬೇಕನ್ ಇದ್ದಾನೆ. ಬೇಕನ್ನನ ಕಿರುಚುವ ಪೋಪನ ಹಿಂದೆ ವೆಲಾಸ್ಕೆಸ್ 1650ರಲ್ಲಿ ಬರೆದ ಪೋಪ್ ಇದ್ದಾನೆ. ಬೇಕನ್ ವರ್ಷಗಟ್ಟಲೆ ಆ ಪೋಪನನ್ನು ಮತ್ತೆ ಮತ್ತೆ ಬರೆದದ್ದು ಅಚ್ಚಾದ ಚಿತ್ರಗಳನ್ನು ನೋಡಿಕೊಂಡು. ಅಸಲು ರೋಮಿನಲ್ಲಿತ್ತು. 1954ರಲ್ಲಿ ತಿಂಗಳುಗಟ್ಟಲೆ ಆ ಊರಿನಲ್ಲಿದ್ದರೂ ಅವನು ಹೋಗಿ ನೋಡಲಿಲ್ಲ.