ಸಂಪತ್ತಿನ ತುಲೆಯೂ ತೂಗುವವನ ಧರ್ಮವೂ

ಲೋಕದ ಸಂಪತ್ತು ಯಾರ ಪಾಲಿಗೆ ಎಷ್ಟು ಸಂದಿದೆ ಎಂಬುದನ್ನು ವಿಚಾರಿಸುವ ಅರ್ಥಶಾಸ್ತ್ರಜ್ಞನು ಕೇವಲ ಗಣಕನೋ, ಧರ್ಮಾಧರ್ಮ ವಿವೇಚಕನೂ ಅಹುದೋ? 'ಇರುವುದನ್ನು ಇದ್ದಂತೆ ಎಣಿಸಿ ಹೇಳುವುದಷ್ಟೇ ಶಾಸ್ತ್ರದ ಕಾರ್ಯ. ಯುಕ್ತಾಯುಕ್ತ ವಿಚಾರ ಅನ್ಯರಿಗೆ ಸೇರಿದ್ದು' ಎಂಬುದು ಪೂರ್ವಪಕ್ಷ.

ಈ ಪಕ್ಷವು ನಿರಾಧಾರವಾದುದಲ್ಲ. ಇಟಲಿಯ ವಿಲ್ಫ್ರೆಡೊ ಪರೇಟೊ ಎಂಬ ಪಂಡಿತರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅಧ್ಯಾಪಕರಾಗಿದ್ದಾಗ, 1896-97ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಹಲವು ನಾಡುಗಳ ತೆರಿಗೆಯ ಲೆಕ್ಕಗಳನ್ನು ಹೋಲಿಸಿ, ಧನಿಕರ ಆದಾಯವು ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ ಕ್ರಮದಲ್ಲಿ ಹಂಚಿಹೋಗಿರುವುದನ್ನು ಕಂಡರು. 1912ರಲ್ಲಿ ಅದೇ ದೇಶದ ಕೊರಾಡೊ ಗಿನಿ ಎಂಬವರು ವಿಷಮತೆಯನ್ನು ಒಂದೇ ಅಂಕೆಯಲ್ಲಿ ಸೂಚಿಸುವ ಮಾನವೊಂದನ್ನು ಕಲ್ಪಿಸಿದರು. ಎಲ್ಲರಿಗೂ ಸಮಪಾಲಾದರೆ ಆ ಅಂಕೆ ಸೊನ್ನೆ; ಸರ್ವಸ್ವವೂ ಒಬ್ಬನದೇ ಆದರೆ ಅದು ಒಂದನ್ನು ಮುಟ್ಟುತ್ತದೆ. ಅಂಕೆಗೆ ರಾಗದ್ವೇಷಗಳೆಲ್ಲಿಯವು ಎಂದು ತೋರುವುದು ಸಹಜ.

ಆದರೆ ಇಂಗ್ಲೆಂಡಿನ ಆಂಟನಿ ಅಟ್ಕಿನ್‌ಸನ್‌ರು 1970ರಲ್ಲಿ ಬರೆದ ಪ್ರಬಂಧವೊಂದು ಈ ನಂಬಿಕೆಯನ್ನು ಅಲುಗಿಸಿತು. ಅವರ ವಿಚಾರಸರಣಿಯನ್ನು ಹೀಗೆ ತಿಳಿಯಬಹುದು. ನೂರು ರೂಪಾಯಿ ವರಮಾನದವನಿಂದ ಒಂದು ರೂಪಾಯಿ ತೆಗೆದು ಐವತ್ತು ರೂಪಾಯಿ ವರಮಾನದವನಿಗೆ ಒಯ್ಯುವಾಗ, ದಾರಿಯಲ್ಲಿ ಎಷ್ಟು ಸೋರಿದರೂ ಆ ಕಾರ್ಯ ಯುಕ್ತವೆನಿಸೀತು? ಒಂದು ಪೈಸೆಯೂ ಸೋರಕೂಡದೆಂಬವನು ಇಬ್ಬರ ರೂಪಾಯಿಗೂ ಒಂದೇ ಬೆಲೆಯನ್ನು ಕಟ್ಟಿದಂತಾಯಿತು. ಐವತ್ತು ಪೈಸೆ ಮುಟ್ಟಿದರೂ ಸಾಕೆಂಬವನು ಬಡವನ ರೂಪಾಯಿಗೆ ಇಮ್ಮಡಿ ಬೆಲೆಯನ್ನು ಕಟ್ಟಿದಂತಾಯಿತು. ವಿಷಮತೆಯ ಪ್ರತಿಯೊಂದು ಮಾನದೊಳಗೂ ಇಂಥ ಬೆಲೆಯೊಂದು ಅಡಗಿರುತ್ತದೆ. ಅದು ಬದಲಾದಾಗ, ಎರಡು ದೇಶಗಳಲ್ಲಿ ಯಾವುದು ಹೆಚ್ಚು ವಿಷಮವೆಂಬ ತೀರ್ಪೂ ಕೆಲವೊಮ್ಮೆ ತಲೆಕೆಳಗಾಗುವುದುಂಟು. ಆದುದರಿಂದ 'ನಾನು ತೂಗುವವನು ಮಾತ್ರ' ಎಂಬ ಪಂಡಿತನೂ ತೂಕದ ಕಲ್ಲನ್ನು ಆಗಲೇ ಆರಿಸಿಕೊಂಡಿರುತ್ತಾನೆ.

ಹಾಗಾದರೆ ಅವರವರ ಇಚ್ಛೆಯೇ ಶಾಸ್ತ್ರವಾಗದೆ ಎಂದು ಕೇಳಬಹುದು. ಆಗದು. ಯಾರ ಆದಾಯ ಎಷ್ಟೆಂಬುದು ನೋಡುವವನ ಇಚ್ಛೆಯಂತೆ ಮಾರ್ಪಡುವುದಿಲ್ಲ. ಸುಳ್ಳು ಲೆಕ್ಕ ಎಂದಿಗೂ ಸುಳ್ಳೇ. ಬಡವನ ರೂಪಾಯಿಗೆ ಬೆಲೆ ಕಟ್ಟುವ ಮಾತು ಮಾತ್ರ ಎಣಿಕೆಗೆ ಸೇರಿದುದಲ್ಲ, ಅಂತಃಕರಣಕ್ಕೆ ಸೇರಿದುದು. ಸಂತೆಯಲ್ಲಿ ಪ್ರಾಮಾಣಿಕನಾದ ವರ್ತಕನು ತಕ್ಕಡಿಯನ್ನು ಎತ್ತುವ ಮೊದಲು ಕಲ್ಲನ್ನು ಗಿರಾಕಿಯ ಕಣ್ಣಿಗೆ ತೋರಿಸುತ್ತಾನೆ. ಅರ್ಥಶಾಸ್ತ್ರಜ್ಞನ ಧರ್ಮವೂ ಅಷ್ಟೇ. ತಾನು ಬಡವನಿಗೆ ಕಟ್ಟಿದ ಬೆಲೆ ಇಷ್ಟೆಂದು ಬಹಿರಂಗವಾಗಿ ನುಡಿದು, ಬಳಿಕ ಲೆಕ್ಕ ಹೇಳುವುದು ಅವನಿಗೆ ಶ್ರೇಯಸ್ಕರ. ಆ ಲೆಕ್ಕವನ್ನು ಓದುವವರು ಮೊದಲು ಆ ಕಲ್ಲನ್ನು ಕೇಳಿ ನೋಡುವುದು ಅವರಿಗೂ ಶ್ರೇಯಸ್ಕರ.