ನೋವು ಇಳಿದರೆ ಗುಣವಾದಂತೆಯೇ?

ಮೊಣಕಾಲು ನೋವಿಗೆ ವ್ಯಾಯಾಮ ಹೇಳಿಕೊಡುವ ಆ್ಯಪ್ ಅಂದ್ಕೊಳ್ಳಿ. ಬಟನ್ ಒತ್ತಿದರೆ ವಿಡಿಯೋ ಓಡುತ್ತಾ ಅಂತ ನೋಡೋದು ನಮ್ಮಂಥ ಎಂಜಿನಿಯರುಗಳ ಟೆಸ್ಟಿಂಗ್. ಕಾಲು ಗುಣವಾಯ್ತಾ ಅಂತ ನೋಡೋಕೆ ಬೇರೆ ಅಳತೆ ಬೇಕು. ಅದಕ್ಕೆ ಹೆಸರಾದದ್ದು ವೊಮ್ಯಾಕ್ ಪ್ರಶ್ನಾವಳಿ. 1980ರ ದಶಕದಲ್ಲಿ ಕೆನಡಾದಲ್ಲಿ ಹುಟ್ಟಿದ್ದು. ಒಟ್ಟು 24 ಪ್ರಶ್ನೆ: ನೋವಿಗೆ 5, ಬಿಗಿತಕ್ಕೆ 2, ದಿನನಿತ್ಯದ ಓಡಾಟಕ್ಕೆ 17. ಕಾರು ಹತ್ತಿಳಿಯುವುದು, ಕಾಲುಚೀಲ ಹಾಕುವುದು ಅದರಲ್ಲಿವೆ. ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಇಲ್ಲ.

ಪ್ರಶ್ನಾವಳಿಯದು ತಪ್ಪಲ್ಲ, ಅದು ಹುಟ್ಟಿದ ಊರಿನ ಬದುಕು ಅದರಲ್ಲಿದೆ. ಆದರೆ ಅದನ್ನೇ ಹಚ್ಚೊಳ್ಳಿಗೆ ತಂದರೆ?

ಸಿರುಗುಪ್ಪ ಸೀಮೆ ಅಂದ್ರೆ ಭತ್ತ. ಹೆಂಗಸರು ಕೆಸರಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡ್ತಾ ನಾಟಿ ಮಾಡ್ತಾರೆ. ಅವರಲ್ಲೊಬ್ಬಾಕೆ ನಾಟಿಗೆ ಹೋಗೋದನ್ನೇ ಬಿಟ್ಟರೆ ನೋವು ಇಳಿಯಬಹುದು. ಆ್ಯಪ್ ಅದನ್ನು ಗೆಲುವು ಅನ್ನುತ್ತೆ. ನಿಂತುಹೋದ ಕೂಲಿ ಗ್ರಾಫಿನಲ್ಲಿ ಕಾಣಲ್ಲ. ಅದೇ, ನೋವು ನುಂಗಿ ದುಡಿದಾಕೆ 'ಸುಧಾರಣೆ ಇಲ್ಲ' ಪಟ್ಟಿಗೆ ಸೇರ್ತಾಳೆ. ಇದು ನ್ಯಾಯವೇ?

ಯಾವುದನ್ನು ಅಳೆಯಬೇಕು ಅಂತ ಆರಿಸುವಾಗಲೇ ಯಾರ ಬದುಕು ಲೆಕ್ಕಕ್ಕೆ ಬರಬೇಕು ಅನ್ನೋದನ್ನೂ ನಾವು ಆರಿಸಿರ್ತೀವಿ. ಅದು ಬರೀ ತಾಂತ್ರಿಕ ಪ್ರಶ್ನೆ ಅಲ್ಲ.

ಬೇರೆ ದಾರಿ ಇಲ್ಲದೇ ಇಲ್ಲ. ರೋಗಿಯೇ ತನಗೆ ಕಷ್ಟವಾಗುವ ಕೆಲಸಗಳನ್ನು ಹೆಸರಿಸಿ, ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಡುವ ಅಳತೆಯನ್ನು ಫಿಸಿಯೋಥೆರಪಿಯವರು 1990ರ ದಶಕದಿಂದಲೇ ಬಳಸ್ತಿದ್ದಾರೆ. ಆ್ಯಪಿನ ಮೊದಲ ಪರದೆಯಲ್ಲೇ ಕೇಳಬಹುದು: "ಯವ್ವಾ, ಕಾಲು ನೆಟ್ಟಗಾದ್ರ ನಿನಗ ಏನ್ ಮಾಡಾಕ ಆಗ್ಬೇಕು?"

"ನಾಟಿ" ಅಂತ ಆಕೆ ಅಂದರೆ, ನಾಟಿ ಬಿಡಿಸಿ ಇಳಿಸಿದ ನೋವನ್ನು ಗುಣ ಅನ್ನೋ ಹಕ್ಕು ನಮಗಿಲ್ಲ.